ಪೊಲೀಸರಿಗೆ ಮರುತರಬೇತಿ ಏಕೆ?

ಬೆಂಗಳೂರು: 2017ರ ಹೊಸವರ್ಷದ ನಸುಕಿನಲ್ಲಿ ಕಮ್ಮನಹಳ್ಳಿಯಲ್ಲಿ ಯುವತಿಯ ಮೇಲೆ ನಡೆದ ದೌರ್ಜನ್ಯ ಬಯಲಾದದ್ದು ಮನೆಯೊಂದರ ಸಿಸಿಟಿವಿ ಕ್ಯಾಮೆರಾದಿಂದ. ಪೊಲೀಸರು ಆ ದೃಶ್ಯವನ್ನೇ ಆಧರಿಸಿ ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಂಡಿದ್ದರು.

ಆದರೆ ದೃಶ್ಯ ಸಿಕ್ಕಮಾತ್ರಕ್ಕೆ ನ್ಯಾಯಾಲಯ ಒಪ್ಪದು. ಅಂದು ದೃಶ್ಯದ ನಕಲಿಗೆ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನನ್ವಯ ಪ್ರಮಾಣಪತ್ರ ಬೇಕಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು, ತಜ್ಞರ ಸಹಿಯೂ ಬೇಕು. ಹ್ಯಾಶ್ ಎಂಬುದು ಕಡತದ ಬೆರಳಚ್ಚಿನಂತೆ. ದೃಶ್ಯ ಕಿಂಚಿತ್ ತಿದ್ದಿದರೂ ಅದು ಬೇರೆಯಾಗುತ್ತದೆ. ಶೋಧ, ಜಪ್ತಿಯ ಚಿತ್ರೀಕರಣವೂ ಈಗ ಕಡ್ಡಾಯ.

ಇಪ್ಪತ್ತು ವರ್ಷದ ಹಿಂದೆ ತರಬೇತಿ ಮುಗಿಸಿದ ಪೇದೆಯ ಪಠ್ಯದಲ್ಲಿ ಇವು ಇರಲಿಲ್ಲ. ಅಧಿಕಾರಿಗಳಿಗಷ್ಟೇ ಪಾಠ ಹೇಳಿದರೆ ಸಾಲದು. ಸ್ಥಳಕ್ಕೆ ಮೊದಲು ಧಾವಿಸುವವರು ಪೇದೆಗಳೇ. ಡಿವಿಆರ್ ಯಂತ್ರವೋ, ಜಾಗ ತುಂಬಿದಂತೆ ಹಳೆಯ ದೃಶ್ಯವನ್ನು ತಾನಾಗಿಯೇ ಅಳಿಸುತ್ತಾ ಹೋಗುತ್ತದೆ.