ಸಹಿ ಹಾಕದ ಗುರುಗಳು

ಬೆಂಗಳೂರಿನ ಉಲ್ಲಾಳ ಕೆರೆಯ ಆಸುಪಾಸಿನ ಬಡಾವಣೆಗಳಲ್ಲಿ ಗೃಹಪ್ರವೇಶಕ್ಕೆ ಹೋದರೆ ಒಂದಲ್ಲ ಒಂದು ಮನೆಯ ಗೋಡೆಯಲ್ಲಿ ಚಿನ್ನದ ಹೊಳಪಿನ ಗಜಲಕ್ಷ್ಮಿಯೋ ಶ್ರೀರಾಮ ಪಟ್ಟಾಭಿಷೇಕವೋ ಕಣ್ಣಿಗೆ ಬೀಳುತ್ತದೆ. ‘ತಂಜಾವೂರು ಪೇಂಟಿಂಗಾ?’ ಎಂದು ನೆಂಟರು ಕೇಳುತ್ತಾರೆ. ಎಷ್ಟೋ ಸಲ ಅದು ನಮ್ಮದೇ ಮೈಸೂರು ಶೈಲಿಯ ಚಿತ್ರ. ಗುರುತು ಹಿಡಿಯುವುದು ಕಷ್ಟವೇನಲ್ಲ. ಉಬ್ಬು ದಪ್ಪಗಿದ್ದು, ಹರಳು ಕೂರಿಸಿದ್ದರೆ ತಂಜಾವೂರು. ಉಬ್ಬು ತೆಳುವಾಗಿದ್ದು, ಸರದ ಒಂದೊಂದು ಎಳೆಯೂ ಕುಂಚದ ಮೊನೆಯಲ್ಲೇ ಮೂಡಿದ್ದರೆ ಮೈಸೂರು.

ಈ ಕಲೆಯ ಬೇರು ವಿಜಯನಗರದಲ್ಲಿದೆ. ಹಂಪಿಯ ವಿರೂಪಾಕ್ಷ ದೇಗುಲ ಮತ್ತು ಲೇಪಾಕ್ಷಿಯ ಮೇಲ್ಛಾವಣಿಗಳಲ್ಲಿ ಅದರ ಹಿರಿಯರ ಕೈಕೆಲಸ ಇಂದಿಗೂ ಕಾಣುತ್ತದೆ. 1565ರ ತಾಳಿಕೋಟೆ ಯುದ್ಧದ ನಂತರ ಚದುರಿದ ಚಿತ್ರಗಾರ ಮನೆತನಗಳಲ್ಲಿ ಕೆಲವು ಶ್ರೀರಂಗಪಟ್ಟಣದ ಕಡೆ ಬಂದು ರಾಜ ಒಡೆಯರ ಆಶ್ರಯ ಪಡೆದವು ಎನ್ನುತ್ತಾರೆ ಇತಿಹಾಸಕಾರರು. ಟಿಪ್ಪುವಿನ ಕಾಲದ ದರಿಯಾ ದೌಲತ್‌ನ ಗೋಡೆಗಳನ್ನು ದಾಟಿ, ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಸ್ಥಾನದಲ್ಲಿ ಈ ಶೈಲಿ ಮಾಗಿತು. ಆ ದೊರೆ ಸಿದ್ಧಪಡಿಸಿದ ‘ಶ್ರೀತತ್ತ್ವನಿಧಿ’ ‘ನಿಧಿ’ ಎಂಬ ಒಂಬತ್ತು ಭಾಗಗಳ ಸಚಿತ್ರ ಗ್ರಂಥ. ಯಾವ ದೇವತೆಗೆ ಎಷ್ಟು ಕೈ, ಯಾವ ಆಯುಧ, ಮೈಬಣ್ಣ ಯಾವುದು, ವಾಹನ ಯಾವುದು ಎಂಬ ಸಂದೇಹ ಬಂದಾಗ ಚಿತ್ರಗಾರರು ಇವತ್ತಿಗೂ ಅದನ್ನೇ ತೆರೆಯುತ್ತಾರೆ.

ಇಷ್ಟೆಲ್ಲ ಬರೆದಿಟ್ಟಿದ್ದರೂ ಆ ಕಾಲದ ಚಿತ್ರಗಳ ಮೂಲೆಯಲ್ಲಿ ಕಲಾವಿದನ ಸಹಿ ಹುಡುಕಿದರೆ ಸಿಗುವುದು ಅಪರೂಪ. ಸುಂದರಯ್ಯ, ತಂಜಾವೂರು ಕೊಂಡಯ್ಯ, ಆಳಸಿಂಗರಯ್ಯ ಎಂಬ ಕೆಲವು ಹೆಸರುಗಳಷ್ಟೇ ಉಳಿದು ಬಂದಿವೆ. ಹಾಗಾಗಿ ಇಲ್ಲಿ ಹಿರಿಯರನ್ನು ಮೆಚ್ಚುವ ಬಗೆಯೇ ಬೇರೆ. ಅವರ ಹೆಸರು ಹೇಳಿದರೆ ಸಾಲದು, ಅವರ ಗೆರೆ ಕೈಗೆ ಬರಬೇಕು.

ಕೈಗೆ ಬರುವ ದಾರಿ ದೀರ್ಘ. ಹಲಗೆಯ ಮೇಲೆ ಬಟ್ಟೆ ಅಥವಾ ಕಾಗದ ಅಂಟಿಸಿ ನೆಲ ಸಿದ್ಧಮಾಡಬೇಕು. ಹಿಂದೆ ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಮಾಡಿದ ಇದ್ದಿಲೇ ಪೆನ್ಸಿಲ್, ಅಳಿಲಿನ ಕೂದಲೇ ಕುಂಚ. ಮೊದಲು ಆಕಾಶ, ಬೆಟ್ಟ, ನದಿ. ಆಮೇಲೆ ಪ್ರಾಣಿ, ಮನುಷ್ಯರು. ಮುಖ, ಉಡುಗೆ, ಒಡವೆಗಳ ಸರದಿ ಕೊನೆಗೆ. ಒಡವೆಯ ಉಬ್ಬಿಗೆ ‘ಮಕ್ಕಿ ಸಫೇದ’, ಈಗಿನವರ ಬಾಯಲ್ಲಿ ಗೆಸ್ಸೋ. ಸೀಸದ ಬಿಳಿ ಪುಡಿ, ಮಕ್ಕಿಯ ಹಳದಿ ಅಂಟು, ಸರೇಸು ಕಲಸಿದ ಪಾಕವನ್ನು ಗೆರೆಗೆರೆಯಾಗಿ ಎಳೆದು ಒಣಗಿಸಿ, ಮೇಲೆ ಚಿನ್ನದ ರೇಕು ಹಚ್ಚುತ್ತಾರೆ. ತೆಳು ಕಾಗದವಿಟ್ಟು ನುಣುಪು ಕಲ್ಲಿನಿಂದ ಉಜ್ಜಿದ ಮೇಲೆ ಹೊಳಪು ಬರುತ್ತದೆ. ಇಂದು ಬಣ್ಣಗಳೆಲ್ಲ ಅಂಗಡಿಯಲ್ಲೇ ಸಿಗುತ್ತವೆ. ಆದರೆ ಪಾಕ ಗಟ್ಟಿಯಾದರೆ ಗೆರೆ ಓಡದು, ನೀರಾದರೆ ಉಬ್ಬು ನಿಲ್ಲದು. ಆ ಹದ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಹಳೆಯದನ್ನೇ ಬರೆಯುವುದಾದರೆ ಸೃಜನಶೀಲತೆ ಎಲ್ಲಿ ಬಂತು ಎಂದು ಕೇಳುವವರಿದ್ದಾರೆ. ಸಂಗೀತ ಬಲ್ಲವರು ಹೀಗೆ ಕೇಳಲಾರರು. ಕೃತಿ ತ್ಯಾಗರಾಜರದ್ದೇ ಆದರೂ ಹಾಡುವವರ ಮನೋಧರ್ಮ ಬೇರೆ ಬೇರೆ. ದೇವಿಯ ಕೈ ನಾಲ್ಕೇ ಇರಬೇಕು, ನಿಜ. ಆದರೆ ಬೆರಳಿನ ಬಾಗು, ರೆಪ್ಪೆಯ ಇಳಿತ, ಮಂಟಪದ ಹಿಂದಿನ ಮರದ ಎಲೆ, ಇವೆಲ್ಲ ಬರೆಯುವವನ ಪಾಲಿಗೆ ಬಿಟ್ಟ ಜಾಗ.

ಇಪ್ಪತ್ತನೆಯ ಶತಮಾನದ ಇಬ್ಬರು ಈ ಪಿತ್ರಾರ್ಜಿತವನ್ನು ಎರಡು ದಾರಿಯಲ್ಲಿ ಬಳಸಿದರು. ಆಸ್ಥಾನ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪ (1886–1965) ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಊಟಿ, ಕೊಡೈಕೆನಾಲ್‌ನ ಮಂಜನ್ನು ಜಲವರ್ಣದಲ್ಲಿ ಹಿಡಿದರು. ಮನೆತನದ ವಿಷಯ ಬಿಟ್ಟರೂ ಮನೆತನದ ತಾಳ್ಮೆ ಬಿಡಲಿಲ್ಲ. ಇತ್ತ ವೈ. ಸುಬ್ರಹ್ಮಣ್ಯರಾಜು ಮೈಸೂರು ಅರಮನೆಯ ಕಲ್ಯಾಣ ಮಂಟಪದ ದಸರಾ ಮೆರವಣಿಗೆಯ ಚಿತ್ರಗಳನ್ನು ಬರೆದ ತಂಡದಲ್ಲಿದ್ದರು. ಫೋಟೊಗಳನ್ನು ಆಧರಿಸಿದ, ಥೇಟ್ ಪಾಶ್ಚಾತ್ಯ ವಾಸ್ತವ ಶೈಲಿಯ ಕೆಲಸ ಅದು. ಅಷ್ಟು ಬಲ್ಲವರು ಸಾಂಪ್ರದಾಯಿಕ ಶೈಲಿಯನ್ನೂ ಕೈಬಿಡದೆ ಮುಂದಿನವರಿಗೆ ದಾಟಿಸಿದರು. ಬೇರೇನೂ ಬಾರದೆ ಹಳೆಯದಕ್ಕೆ ಜೋತುಬಿದ್ದವರಲ್ಲ ಅವರು. ಎರಡನ್ನೂ ಬಲ್ಲವರಾಗಿ ಅದನ್ನು ಉಳಿಸಿಕೊಂಡವರು.

ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಹಳೆಯ ಚಿತ್ರಗಳನ್ನು ಹುಡುಕಿ ತಂದು ಕೂಡಿಟ್ಟದ್ದು ಇನ್ನೊಂದು ದೊಡ್ಡ ಉಪಕಾರ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ನೋಡಬೇಕೆನ್ನುವ ಉಲ್ಲಾಳದವರಿಗೆ ದೂರದ ಮಾತಿಲ್ಲ. ಕುಮಾರಕೃಪಾ ರಸ್ತೆಯ ಪರಿಷತ್ತಿನ ಸಂಗ್ರಹಾಲಯ ಊರಲ್ಲೇ ಇದೆ. ಕೆಂಗೇರಿಯಲ್ಲಿ ರೈಲು ಹತ್ತಿದರೆ ಮೈಸೂರಿನ ಜಗನ್ಮೋಹನ ಅರಮನೆ. ಅಲ್ಲಿಯ ಗೋಡೆಗಳಲ್ಲಿ ಮುಮ್ಮಡಿಯವರ ಕಾಲದ ಕೆಲಸವಿದೆ. ಕೊಳ್ಳುವ ಮನಸ್ಸಿದ್ದರೆ ಪರಿಷತ್ತು ಪ್ರತಿವರ್ಷ ಜನವರಿಯಲ್ಲಿ ನಡೆಸುವ ಚಿತ್ರಸಂತೆ. ಅಲ್ಲಿ ಚಿನ್ನದ ಹೊಳಪು ನೋಡಿ ಮರುಳಾಗದೆ ಕಣ್ಣು, ಬೆರಳುಗಳನ್ನು ಹತ್ತಿರದಿಂದ ನೋಡಿ. ಬೆಲೆ ಕೇಳುವ ಮೊದಲು, ಯಾರ ಹತ್ತಿರ ಕಲಿತಿರಿ ಎಂದು ಕೇಳಿ. ಈ ಕಲೆಯಲ್ಲಿ ಚಿತ್ರಗಾರ ತನ್ನ ಬಗ್ಗೆ ಮನಬಿಚ್ಚಿ ಮಾತಾಡುವುದು ಆ ಪ್ರಶ್ನೆಗೆ ಉತ್ತರ ಕೊಡುವಾಗಲೇ.