ಫೈಲು ನೋಡಿ ಕೊಡುವ ವೀಸಾ

ವೀಸಾ ಅಂದ ಕೂಡಲೇ ನಮಗೆ ನೆನಪಾಗುವುದು ಅಮೆರಿಕದ ಕಾನ್ಸುಲೇಟು, ಗಾಜಿನ ಕಿಟಕಿ, ಆಚೆ ಕೂತ ಅಧಿಕಾರಿ ಕೇಳುವ ಎರಡು ಮೂರು ಪ್ರಶ್ನೆ. ಹಾಗಾಗಿ ಆಸ್ಟ್ರೇಲಿಯಾದಲ್ಲಿ ನೆಲೆಸಲು ಅರ್ಜಿ ಹಾಕಿದವರ ಮನೆಯಲ್ಲೂ ‘ಇಂಟರ್‌ವ್ಯೂ ಯಾವಾಗ?’ ಎಂಬ ಮಾತು ಬರುತ್ತದೆ. ಆ ದೇಶದ ಸ್ಕಿಲ್ಡ್ ವೀಸಾಗೆ ಸಾಮಾನ್ಯವಾಗಿ ಇಂಟರ್‌ವ್ಯೂ ಇರುವುದಿಲ್ಲ. ತೀರ್ಮಾನ ಮಾಡುವ ಅಧಿಕಾರಿ ಅರ್ಜಿದಾರರ ಮುಖವನ್ನೇ ನೋಡುವುದಿಲ್ಲ. ಅವರು ನೋಡುವುದು ಫೈಲನ್ನು. ನೀವು ಹೇಳಿಕೊಂಡ ಒಂದೊಂದು ಮಾತಿಗೂ ಅದರಲ್ಲಿ ದಾಖಲೆ ಇದೆಯೇ ಎಂಬುದಷ್ಟೇ ಅವರ ಪ್ರಶ್ನೆ.

ಇದು ತಮಿಳುನಾಡಿನ ಈರೋಡ್ ಜಿಲ್ಲೆಯ ಬೆಟ್ಟದ ಮೇಲಿರುವ ದಿಂಬಂ, ಹಾಸನೂರು, ತಾಳವಾಡಿ ಕಡೆಯವರಿಗೂ ಬೇಕಾದ ವಿಷಯ. ಘಾಟಿಯ ಇಪ್ಪತ್ತೇಳು ತಿರುವು ಇಳಿದು ಸತ್ಯಮಂಗಲದ ಬಣ್ಣಾರಿ ಅಮ್ಮನ್ ಕಾಲೇಜಿನಲ್ಲಿ ಬಿಇ ಓದಿ ಬೆಂಗಳೂರಿನ ಕಂಪನಿ ಸೇರುವುದು, ಚಾಮರಾಜನಗರದ ದಾರಿ ಹಿಡಿದು ಮೈಸೂರಿನಲ್ಲಿ ನರ್ಸಿಂಗ್ ಮುಗಿಸುವುದು, ಎರಡೂ ಈ ಬೆಟ್ಟದವರಿಗೆ ಎದುರಿಗಿರುವ ದಾರಿಗಳು. 1956ರಲ್ಲಿ ರಾಜ್ಯಗಳನ್ನು ಮರುವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಅದರಿಂದ ಇಲ್ಲಿ ಮನೆಮಾತು ಕನ್ನಡ, ಸರ್ಕಾರಿ ಕಾಗದ ತಮಿಳು, ಡಿಗ್ರಿ ಇಂಗ್ಲಿಷಿನದು. ಫೈಲು ಕಟ್ಟಲು ಕೂತಾಗ ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು.

ಯಾವ ವೀಸಾ?

ಸ್ಕಿಲ್ಡ್ ವೀಸಾಗಳಲ್ಲಿ ಮುಖ್ಯವಾದವು ಮೂರು. 189ಕ್ಕೆ ಯಾರ ಶಿಫಾರಸೂ ಬೇಡ. 190ಕ್ಕೆ ಅಲ್ಲಿನ ಯಾವುದಾದರೂ ಒಂದು ರಾಜ್ಯ ನಾಮನಿರ್ದೇಶನ ಮಾಡಬೇಕು. ಇವೆರಡೂ ಕಾಯಂ. 2019ರ ನವೆಂಬರ್‌ನಲ್ಲಿ ಶುರುವಾದ 491 ಐದು ವರ್ಷದ ತಾತ್ಕಾಲಿಕ ವೀಸಾ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದ ಕಡೆ ಇದ್ದು ದುಡಿಯಬೇಕು. ಮೂರು ವರ್ಷ ಕಳೆದು ಷರತ್ತುಗಳನ್ನು ಪೂರೈಸಿದವರು ಕಾಯಂ ವೀಸಾಗೆ ಅರ್ಜಿ ಹಾಕಬಹುದು.

ಮೊದಲ ಹಂತ: ಕಸುಬಿನ ಪರೀಕ್ಷೆ

ವೀಸಾ ಇಲಾಖೆಯ ಬಾಗಿಲು ತಟ್ಟುವ ಮೊದಲು ‘ಸ್ಕಿಲ್ಸ್ ಅಸೆಸ್‌ಮೆಂಟ್’ ಆಗಬೇಕು. ಪ್ರತಿ ಉದ್ಯೋಗಕ್ಕೂ ಆರಂಕಿಯ ಕೋಡ್ ಇದೆ. ಸಾಫ್ಟ್‌ವೇರ್ ಎಂಜಿನಿಯರ್ ಆದರೆ 261313. ಕಂಪ್ಯೂಟರ್ ಕೆಲಸದವರ ಓದು, ಅನುಭವವನ್ನು ಅಳೆಯುವುದು ಎಸಿಎಸ್ ಎಂಬ ಸಂಸ್ಥೆ. ಎಂಜಿನಿಯರುಗಳನ್ನು ಎಂಜಿನಿಯರ್ಸ್ ಆಸ್ಟ್ರೇಲಿಯಾ, ನರ್ಸುಗಳನ್ನು ಆನ್‌ಮ್ಯಾಕ್. ಭಾರತದಲ್ಲಿ ಓದಿದ ನರ್ಸು ಅಲ್ಲಿ ಕೆಲಸ ಮಾಡಲು ನೋಂದಣಿಯೂ ಆಗಬೇಕು. ಅದಕ್ಕೆ ಸಾಮಾನ್ಯವಾಗಿ ಎನ್‌ಕ್ಲೆಕ್ಸ್ ಪರೀಕ್ಷೆ, ಆಮೇಲೆ ಅಲ್ಲೇ ನಡೆಯುವ ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು.

ಇಲ್ಲಿ ಬೇಕಾಗುವ ಮುಖ್ಯ ಕಾಗದ ಕಂಪನಿಯ ಪತ್ರ. ಲೆಟರ್‌ಹೆಡ್ ಮೇಲೆ ಸೇರಿದ ದಿನ, ಬಿಟ್ಟ ದಿನ, ವಾರಕ್ಕೆ ಎಷ್ಟು ಗಂಟೆ ಕೆಲಸ, ಏನೇನು ಕೆಲಸ ಎಂಬುದೆಲ್ಲ ಇರಬೇಕು. ನಮ್ಮಲ್ಲಿ ಎಚ್‌ಆರ್‌ನವರು ಕೊಡುವ ರಿಲೀವಿಂಗ್ ಲೆಟರಿನಲ್ಲಿ ಹುದ್ದೆಯ ಹೆಸರು, ತಾರೀಖು ಬಿಟ್ಟರೆ ಏನೂ ಇರುವುದಿಲ್ಲ. ಅಂಥ ಕಡೆ ಜೊತೆಗೆ ದುಡಿದ ಹಿರಿಯರಿಂದ ಪ್ರಮಾಣಪತ್ರ ಮಾಡಿಸಿ, ಪೇ ಸ್ಲಿಪ್, ಫಾರ್ಮ್ 16, ಪಿಎಫ್ ಪಾಸ್‌ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್ ಸೇರಿಸುತ್ತಾರೆ. ಸಂಬಳವನ್ನು ಕೈಗೆ ನಗದಾಗಿ ತೆಗೆದುಕೊಂಡ ವರ್ಷಗಳನ್ನು ಸಾಬೀತು ಮಾಡುವುದು ತೀರಾ ಕಷ್ಟ.

ಅಂಕದ ಲೆಕ್ಕ

ಎರಡನೆಯದು ‘ಇಒಐ’, ಅಂದರೆ ಆಸಕ್ತಿ ಇದೆ ಎಂದು ತಿಳಿಸುವುದು. 2012ರ ಜುಲೈನಿಂದ ಇದು ಸ್ಕಿಲ್‌ಸೆಲೆಕ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಇದಕ್ಕೆ ಶುಲ್ಕವಿಲ್ಲ, ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಿಲ್ಲ. ವಯಸ್ಸು, ಓದು, ಇಂಗ್ಲಿಷ್, ಅನುಭವ ತುಂಬಿದರೆ ಕಂಪ್ಯೂಟರು ಅಂಕ ಕೂಡಿಸುತ್ತದೆ. 65 ಬಂದರೆ ಸಾಲಿಗೆ ಸೇರಬಹುದು. ಹಾಗೆಂದು ಕರೆ ಬಂದೇ ಬರುತ್ತದೆಂದಲ್ಲ. ಹೆಚ್ಚು ಅಂಕದವರಿಗೆ ಮೊದಲ ಕರೆ. ಅಂಕ ಸಮವಾದರೆ ಆ ಅಂಕವನ್ನು ಮೊದಲು ಮುಟ್ಟಿದವರು ಮುಂದೆ.

ದಾಖಲೆ ಕೇಳದ ಈ ಹಂತದಲ್ಲೇ ಹೆಚ್ಚಿನವರು ಎಡವುವುದು. ಇಪ್ಪತ್ತೊಂಬತ್ತು ವರ್ಷದ, ಮದುವೆಯಾಗದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಇದ್ದಾರೆ ಎಂದುಕೊಳ್ಳಿ. ವಯಸ್ಸಿಗೆ 30, ಬಿಇಗೆ 15, ‘ಪ್ರೊಫಿಶಿಯಂಟ್’ ಮಟ್ಟದ ಇಂಗ್ಲಿಷಿಗೆ 10, ಒಂಟಿಯಾಗಿರುವುದಕ್ಕೆ 10. ಕೆಲಸಕ್ಕೆ ಸೇರಿ ಆರು ವರ್ಷವಾಗಿದೆ. ಹೊರದೇಶದ ಐದರಿಂದ ಏಳು ವರ್ಷದ ಅನುಭವಕ್ಕೆ 10. ಒಂದು ರಾಜ್ಯ 491ಕ್ಕೆ ನಾಮನಿರ್ದೇಶನ ಮಾಡಿದರೆ 15. ಒಟ್ಟು 90.

ಈಗ ಎಸಿಎಸ್ ಪತ್ರ ತೆರೆಯೋಣ. ಓದಿದ ವಿಷಯ ಕೆಲಸಕ್ಕೆ ಚೆನ್ನಾಗಿ ಹೊಂದಿದ್ದರೂ ಮೊದಲ ಎರಡು ವರ್ಷವನ್ನು ಕಲಿಕೆಯ ಕಾಲವೆಂದು ಅದು ಕಳೆಯುವುದು ರೂಢಿ. ಇಂಥ ತಿಂಗಳಿನ ನಂತರದ ಅನುಭವ ಮಾತ್ರ ಲೆಕ್ಕಕ್ಕೆ ಎಂದು ಪತ್ರದಲ್ಲೇ ಬರೆದಿರುತ್ತದೆ. ಆರರಲ್ಲಿ ಎರಡು ಹೋದರೆ ಉಳಿಯುವುದು ನಾಲ್ಕು. ಮೂರು-ನಾಲ್ಕು ವರ್ಷಕ್ಕೆ ಸಿಗುವುದು 5 ಅಂಕ. ನಿಜವಾದ ಮೊತ್ತ 85. ತೊಂಬತ್ತಕ್ಕೆ ಕರೆ ಬಂದು, ಅರ್ಜಿ ಹಾಕಿ, ಅಧಿಕಾರಿ ಕೂಡಿಸಿದಾಗ 85 ಬಂದರೆ ವೀಸಾ ಸಿಗುವುದಿಲ್ಲ. ಅರವತ್ತೈದಕ್ಕಿಂತ ಎಷ್ಟೋ ಹೆಚ್ಚಿದೆಯಲ್ಲ ಎಂಬ ವಾದ ನಡೆಯದು. ಕರೆಪತ್ರದಲ್ಲಿ ನಮೂದಾದ ಅಂಕಕ್ಕಿಂತ ಒಂದಂಕವೂ ಕಡಿಮೆ ಬರಬಾರದು ಎಂಬುದೇ ಕಾನೂನು.

ಕಳೆದುಕೊಂಡ ಆ ಐದು ಅಂಕಕ್ಕೆ ಮನೆಮಾತಿನಲ್ಲೇ ದಾರಿಯಿದೆ. ನಾಟಿ ಎಂಬ ಸಂಸ್ಥೆ ನಡೆಸುವ ಸಿಸಿಎಲ್ ಪರೀಕ್ಷೆಯ ಭಾಷೆಗಳಲ್ಲಿ ಕನ್ನಡವೂ ಇದೆ, ತಮಿಳೂ ಇದೆ. ಎರಡು ಸಂಭಾಷಣೆ ಕೇಳಿಸುತ್ತಾರೆ. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೂ ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿಗೂ ಬಾಯಲ್ಲೇ ತರಬೇಕು. 90 ಅಂಕಕ್ಕೆ 63 ಬಂದರೆ ಪಾಸು. ಆದರೆ ಒಂದೊಂದು ಸಂಭಾಷಣೆಯಲ್ಲೂ 45ಕ್ಕೆ 29 ಬರಲೇಬೇಕು. ಆಸ್ಪತ್ರೆ, ಬ್ಯಾಂಕು, ಇನ್ಶೂರೆನ್ಸು, ಕೋರ್ಟಿನ ಮಾತುಗಳು ಬರುತ್ತವೆ. ಮನೆಯಲ್ಲಿ ಆಡುವ ಕನ್ನಡವೊಂದೇ ಸಾಲದು, ತಯಾರಿ ಬೇಕು.

ಅರವತ್ತು ದಿನ

ಕರೆ, ಅಂದರೆ ‘ಇನ್ವೈಟ್’ ಬಂದ ಮೇಲೆ ಅರ್ಜಿ ಹಾಕಲು 60 ದಿನ. ಆಸ್ಟ್ರೇಲಿಯಾದ ಶುಲ್ಕ 2025ರ ಜುಲೈನಲ್ಲಿ ಮುಖ್ಯ ಅರ್ಜಿದಾರರಿಗೆ ಸುಮಾರು 4,900 ಆಸ್ಟ್ರೇಲಿಯನ್ ಡಾಲರ್ ಇತ್ತು. ಜುಲೈ ಬಂದರೆ ಸಾಮಾನ್ಯವಾಗಿ ಏರುತ್ತದೆ. ಅರ್ಜಿ ತಿರಸ್ಕಾರವಾದರೆ ಹಣ ವಾಪಸ್ ಬರುವುದಿಲ್ಲ.

ದಿಂಬಂ ಕಡೆಯವರಿಗೆ ಈ ಹಂತದಲ್ಲಿ ಕೆಲವು ತೊಡಕುಗಳಿವೆ. ಮೊದಲನೆಯದು ಹೆಸರು. ತಮಿಳುನಾಡಿನ ಪದ್ಧತಿಯಂತೆ ಶಾಲೆಯ ಮಾರ್ಕ್ಸ್ ಕಾರ್ಡಿನಲ್ಲಿ ‘ಎಂ. ಮಾದೇಶ’ ಎಂದಿದ್ದರೆ ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ತಂದೆಯ ಹೆಸರು ಪೂರ್ತಿ ಬಂದಿರುತ್ತದೆ, ಆಧಾರ್‌ನಲ್ಲಿ ಇನ್ನೊಂದು ರೀತಿ. ಮೂವರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ, ಅರ್ಜಿಯಲ್ಲಿ ‘ಬೇರೆ ಹೆಸರುಗಳು’ ಎಂಬ ಜಾಗದಲ್ಲಿ ಎಲ್ಲವನ್ನೂ ಬರೆಯಬೇಕು. ಎರಡನೆಯದು ಭಾಷೆ. ತಮಿಳಿನಲ್ಲಿರುವ ಜನನ ಪ್ರಮಾಣಪತ್ರದ ಜೊತೆ ಇಂಗ್ಲಿಷ್ ಅನುವಾದ ಇರಬೇಕು. ಭಾರತದಲ್ಲಿ ಅನುವಾದ ಮಾಡಿಸಿದರೆ ಅನುವಾದಕರ ಪೂರ್ಣ ಹೆಸರು, ವಿಳಾಸ, ಫೋನ್ ನಂಬರ್, ಭಾಷಾ ಅರ್ಹತೆ ಅದರ ಮೇಲಿರಬೇಕು.

ಮೂರನೆಯದು ‘ಪಿಸಿಸಿ’, ಪೊಲೀಸ್ ಕ್ಲಿಯರೆನ್ಸ್. ಹದಿನಾರು ತುಂಬಿದ ಮೇಲೆ, ಕಳೆದ ಹತ್ತು ವರ್ಷದಲ್ಲಿ ಒಟ್ಟು ಹನ್ನೆರಡು ತಿಂಗಳು ಇದ್ದ ಪ್ರತಿ ದೇಶದಿಂದಲೂ ಇದು ಬೇಕು. ಭಾರತದ್ದನ್ನು ಪಾಸ್‌ಪೋರ್ಟ್ ಕಚೇರಿಯೇ ಕೊಡುತ್ತದೆ. ಈರೋಡ್ ಜಿಲ್ಲೆಯವರಿಗೆ ಕೊಯಮತ್ತೂರಿನ ಪ್ರಾದೇಶಿಕ ಕಚೇರಿ. ಪಾಸ್‌ಪೋರ್ಟಿನಲ್ಲಿ ಊರಿನ ವಿಳಾಸವಿದ್ದು ಈಗ ಬೆಂಗಳೂರಿನಲ್ಲಿ ವಾಸವಿದ್ದರೆ ಈಗಿನ ವಿಳಾಸವನ್ನೇ ಕೊಟ್ಟು ಅರ್ಜಿ ಹಾಕಿ. ಊರಿನ ವಿಳಾಸಕ್ಕೆ ಪೊಲೀಸರು ಬಂದಾಗ ‘ಇಲ್ಲಿಲ್ಲ’ ಎಂದು ಬರೆದುಕೊಂಡು ಹೋದರೆ ವಾರಗಟ್ಟಲೆ ಎಳೆಯುತ್ತದೆ. ಇನ್ನು ಮೆಡಿಕಲ್. ಇಲಾಖೆ ಕೊಡುವ ಎಚ್‌ಎಪಿ ಐಡಿ ಹಿಡಿದು ಬೆಂಗಳೂರು, ಚೆನ್ನೈನಂಥ ಊರುಗಳಲ್ಲಿ ಇಲಾಖೆ ಗೊತ್ತುಮಾಡಿದ ವೈದ್ಯರ ಬಳಿಗೇ ಹೋಗಬೇಕು. ವರದಿ ನಿಮ್ಮ ಕೈಗೆ ಬರುವುದಿಲ್ಲ, ನೇರವಾಗಿ ಇಲಾಖೆಗೆ ಹೋಗುತ್ತದೆ. ಬೆಳಗಿನ ಅಪಾಯಿಂಟ್‌ಮೆಂಟ್ ಇದ್ದರೆ ಹಿಂದಿನ ದಿನವೇ ಬೆಟ್ಟ ಇಳಿಯಿರಿ. 2022ರ ಫೆಬ್ರುವರಿಯಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ.

ಆಚೆಬದಿ ಏನು ನಡೆಯುತ್ತದೆ?

ಅರ್ಜಿ ಸೇರಿದ ಮೇಲೆ ಸಾಲು ಬಂದ ಕ್ರಮದಲ್ಲಷ್ಟೇ ಸಾಗುವುದಿಲ್ಲ. ಯಾವ ಅರ್ಜಿಗಳನ್ನು ಮೊದಲು ನೋಡಬೇಕೆಂದು ಸಚಿವರು ಲಿಖಿತ ನಿರ್ದೇಶನ ಕೊಡುತ್ತಾರೆ. ಈಚಿನ ವರ್ಷಗಳಲ್ಲಿ ನರ್ಸು, ಶಿಕ್ಷಕರಂಥ ಕಸುಬಿಗೆ, ದೊಡ್ಡ ನಗರಗಳಾಚೆ ಕೆಲಸ ಮಾಡುವವರಿಗೆ ಆದ್ಯತೆ ಸಿಕ್ಕಿದೆ. ವರ್ಷಕ್ಕೆ ಇಷ್ಟೇ ಎಂಬ ಮಿತಿಯೂ ಇದೆ. 2024-25ಕ್ಕೆ ಕಾಯಂ ವೀಸಾಗಳ ಒಟ್ಟು ಸಂಖ್ಯೆ 1,85,000. ಮೊದಲು ಅರ್ಜಿ ಹಾಕಿದವರು ಕಾಯುತ್ತಿರುವಾಗ ಆಮೇಲೆ ಹಾಕಿದವರಿಗೆ ವೀಸಾ ಬರುವುದು ಇದರಿಂದಲೇ. ಅದರಲ್ಲಿ ವಶೀಲಿ ಹುಡುಕಬೇಕಿಲ್ಲ.

ಫೈಲು ಅಧಿಕಾರಿಯ ಮುಂದೆ ಬಂದಾಗ ಎಲ್ಲ ಸರಿಯಿದ್ದರೆ ಒಂದು ಪ್ರಶ್ನೆಯನ್ನೂ ಕೇಳದೆ ‘ಡೈರೆಕ್ಟ್ ಗ್ರ್ಯಾಂಟ್’ ಕೊಡುತ್ತಾರೆ. ಏನಾದರೂ ಕಡಿಮೆಯಿದ್ದರೆ ‘ಸಿಒ ಕಾಂಟ್ಯಾಕ್ಟ್’: ಇಂಥ ಕಾಗದ ಕಳಿಸಿ ಎಂದು ಪತ್ರ, ಸಾಮಾನ್ಯವಾಗಿ 28 ದಿನದ ಗಡುವು. ಇದಕ್ಕೆ ಹೆದರಬೇಕಿಲ್ಲ. ಕಂಪನಿಗೆ ಫೋನ್ ಮಾಡಿ ವಿಚಾರಿಸುವುದೂ ಉಂಟು. ಸಿಕ್ಕ ಉತ್ತರ ನಿಮ್ಮ ಮಾತಿಗೆ ವಿರುದ್ಧವಾಗಿದ್ದರೆ, ತೀರ್ಮಾನಕ್ಕೆ ಮುಂಚೆ ಅದನ್ನು ನಿಮಗೆ ತಿಳಿಸಿ ಉತ್ತರ ಕೇಳುವ ಪತ್ರ ಬರುತ್ತದೆ. ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಸುಳ್ಳು ದಾಖಲೆ ಕೊಟ್ಟಿದ್ದು ಖಚಿತವಾದರೆ ಅರ್ಜಿ ಹೋಗುವುದಲ್ಲದೆ ಮುಂದಿನ ಮೂರು ವರ್ಷ ಹಲವು ವೀಸಾಗಳಿಗೆ ಬಾಗಿಲು ಮುಚ್ಚುತ್ತದೆ. ಗುರುತಿನ ವಿಷಯದಲ್ಲಿ ಸುಳ್ಳಾದರೆ ಹತ್ತು ವರ್ಷ. ಭಾರತದಲ್ಲಿದ್ದು 189 ಹಾಕಿ ತಿರಸ್ಕೃತರಾದವರಿಗೆ ಅಲ್ಲಿನ ಮೇಲ್ಮನವಿ ಟ್ರಿಬ್ಯುನಲ್‌ಗೆ ಹೋಗುವ ಅವಕಾಶವೂ ಇಲ್ಲ.

ಏಜೆಂಟರ ಮಾತು

‘ನೂರಕ್ಕೆ ನೂರು ವೀಸಾ ಗ್ಯಾರಂಟಿ’ ಎನ್ನುವವರನ್ನು ನಂಬಬೇಡಿ. ಆಸ್ಟ್ರೇಲಿಯಾದಲ್ಲಿ ನೋಂದಾಯಿತ ವಲಸೆ ಏಜೆಂಟರಿಗೆ ಏಳಂಕಿಯ ನೋಂದಣಿ ಸಂಖ್ಯೆ ಇರುತ್ತದೆ. ಅದು ಸರಿಯೇ ಎಂದು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಏಜೆಂಟ್ ಫೈಲನ್ನು ಅಚ್ಚುಕಟ್ಟು ಮಾಡಬಹುದು, ಸಾಲನ್ನು ಹಾರಿಸಲಾರರು. ಅರ್ಜಿಯ ಲಾಗಿನ್ ನಿಮ್ಮ ಬಳಿಯೂ ಇರಲಿ. ಏಜೆಂಟ್ ಬರೆದದ್ದೂ ಕಾನೂನಿನ ಕಣ್ಣಿಗೆ ನಿಮ್ಮದೇ ಮಾತು. ಅರ್ಜಿ ಹಾಕಿದ ಮೇಲೆ ಮದುವೆಯಾದರೆ, ಮಗು ಹುಟ್ಟಿದರೆ, ಪಾಸ್‌ಪೋರ್ಟ್ ಬದಲಾದರೆ ಇಲಾಖೆಗೆ ತಿಳಿಸಲೇಬೇಕು.

ಇಷ್ಟೆಲ್ಲ ನೋಡಿದರೆ ತಯಾರಿ ಇನ್ವೈಟ್ ಬಂದ ದಿನ ಶುರುವಾಗುವುದಲ್ಲ. ಈಗಷ್ಟೇ ಮೊದಲ ಕೆಲಸಕ್ಕೆ ಸೇರಿದ ಮಕ್ಕಳಿಗೆ, ಹೋಗುವ ಯೋಚನೆ ಇರಲಿ ಬಿಡಲಿ, ಮೂರು ಮಾತು ಹೇಳಿಡಿ: ಸಂಬಳ ಬ್ಯಾಂಕಿಗೇ ಬರಲಿ, ತಿಂಗಳ ಪೇ ಸ್ಲಿಪ್ ತೆಗೆದಿಡಲಿ, ಕೆಲಸ ಬಿಡುವಾಗ ಮಾಡಿದ ಕೆಲಸವನ್ನೆಲ್ಲ ಬರೆದ ಪತ್ರಕ್ಕೆ ಸಹಿ ಹಾಕಿಸಿಕೊಂಡೇ ಹೊರಡಲಿ. ಆರು ವರ್ಷ ಕಳೆದು, ಕಂಪನಿ ಮುಚ್ಚಿ, ಮ್ಯಾನೇಜರ್ ಬೇರೆ ಊರಿಗೆ ಹೋದ ಮೇಲೆ ಆ ಪತ್ರ ಯಾವ ಏಜೆಂಟನಿಂದಲೂ ಹುಟ್ಟುವುದಿಲ್ಲ.