ಲಸಿಕೆ ಡಬ್ಬಿಯ ಕಾವಲಿಗೆ ಒಂದು ಸಿಮ್ ಕಾರ್ಡ್

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಾರ್ಮಸಿಸ್ಟ್ ಆಗಿರುವ ನನಗೆ ಲಸಿಕೆ ಫ್ರಿಜ್ಜೇ ದೊಡ್ಡ ಜವಾಬ್ದಾರಿ. ಒಳಗಿನ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇರಬೇಕು. ಕಾವು ತಗುಲಿದರೆ ಸೀಸೆಯ ಮೇಲಿನ ಸಣ್ಣ ಚೌಕ ಕಪ್ಪಾಗುತ್ತಾ ಹೋಗಿ ಎಚ್ಚರಿಸುತ್ತದೆ. ಆದರೆ ಹೆಪ್ಪುಗಟ್ಟಿ ಕೆಟ್ಟರೆ ಆ ಚೌಕ ಏನನ್ನೂ ಹೇಳದು. ಹೆಪಟೈಟಿಸ್-ಬಿ, ಪೆಂಟಾವೇಲೆಂಟ್ ಲಸಿಕೆಗಳಿಗೆ ಚಳಿಯೇ ಶತ್ರು.

ಮೊದಲೆಲ್ಲ ಥರ್ಮಾಮೀಟರ್ ನೋಡಿ ಬೆಳಿಗ್ಗೆ, ಸಂಜೆ ಪುಸ್ತಕದಲ್ಲಿ ಬರೆಯುತ್ತಿದ್ದೆವು. ನಡುರಾತ್ರಿ ಏನಾಯಿತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ವಿಶ್ವಸಂಸ್ಥೆಯ ಯುಎನ್‌ಡಿಪಿ ನೆರವಿನಿಂದ 2015ರಲ್ಲಿ ಆರಂಭಿಸಿದ 'ಇ-ವಿನ್' ವ್ಯವಸ್ಥೆ ಈ ಕತ್ತಲೆಗೆ ಬೆಳಕು ಹಿಡಿಯಿತು. ಫ್ರಿಜ್ಜಿನೊಳಗಿನ ಸಂವೇದಕದ ಅಳತೆಯನ್ನು ಸಿಮ್ ಕಾರ್ಡ್ ಇರುವ ಉಪಕರಣ ಸರ್ವರ್‌ಗೆ ಕಳಿಸುತ್ತದೆ. ಮಿತಿ ದಾಟಿದರೆ ಮೊಬೈಲಿಗೆ ಸಂದೇಶ ಬರುತ್ತದೆ.

ಲಸಿಕಾ ದಿನ ಮುಗಿದ ಮೇಲೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂದು ಇದೇ ವ್ಯವಸ್ಥೆಯ ಆ್ಯಪ್‌ನಲ್ಲಿ ತುಂಬುತ್ತೇನೆ. ಜಿಲ್ಲಾ ಅಧಿಕಾರಿಗೆ ಅದು ಕೂತಲ್ಲೇ ಕಾಣುತ್ತದೆ. ಒಂದು ಕಡೆ ಹೆಚ್ಚಿದ್ದು ಇನ್ನೊಂದು ಕಡೆ ಖಾಲಿಯಾಗಿದ್ದರೆ, ಅಲ್ಲಿಂದ ಇಲ್ಲಿಗೆ ಕಳಿಸಬಹುದು.

ಆದರೂ ಯಂತ್ರ ಎಚ್ಚರಿಸಬಲ್ಲದಷ್ಟೇ. ಸಂದೇಶ ನೋಡಿ ಓಡಿಬಂದು ಲಸಿಕೆಯನ್ನು ಕೋಲ್ಡ್ ಬಾಕ್ಸಿಗೆ ದಾಟಿಸುವುದು ಮನುಷ್ಯರೇ. ಹಾಗಾಗಿ ಉಪಕರಣಕ್ಕೆ ಹಣ ಕೊಡುವ ಸರ್ಕಾರ ಖಾಲಿ ಹುದ್ದೆಗಳನ್ನೂ ತುಂಬಲಿ, ಸಿಬ್ಬಂದಿಗೆ ತರಬೇತಿಯನ್ನೂ ಕೊಡಲಿ. ಕೂಲಿ ಬಿಟ್ಟು ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಸತ್ವವಿರುವ ಲಸಿಕೆಯೇ ಸಿಗಬೇಕು.